ಕೊನೆ ಗಳಿಗೆಯ ಗೋಲು ಸರಿಸಮ ಆಗೋದಿಲ್ಲ

ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿಗೆ ಕೊನೆ ಗಳಿಗೆಯ ಗೋಲು ಕೊಟ್ಟದ್ದು, ಕಿತ್ತುಕೊಂಡದ್ದು ಹತ್ತು ಸೀಸನ್‌ಗಳಲ್ಲಿ ಸರಿಸಮ ಆಗಿಬಿಡುತ್ತದೆ ಅಂತ ತಂಡದ ಬಗ್ಗೆ ಬಂದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಲೆಕ್ಕ ಅಷ್ಟು ಸಲೀಸಲ್ಲ ಮಾರಾಯ್ರೆ. ಯಾವ ದಿನ ಬಿತ್ತು ಅನ್ನೋದು ನೋಡಬೇಕು.

2015ರ ಮೇ 31, ಕಂಠೀರವದಲ್ಲಿ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ನ ಕೊನೆ ಪಂದ್ಯ, ಎದುರಿಗೆ ಕೋಲ್ಕತ್ತದ ಮೋಹನ್ ಬಾಗಾನ್. ಗೆದ್ದರೆ ನಮಗೆ 39 ಅಂಕ, ಬಾಗಾನ್‌ಗೆ 38. ಒಂದು ಗೋಲು ಮುಂದಿದ್ದೆವು. ಸಾಗರದ ಮನೆಯಲ್ಲಿ ಚಿಕ್ಕಪ್ಪ ಹಲಸಿನ ಹಪ್ಪಳದ ತಟ್ಟೆ ಹಿಡ್ಕೊಂಡು ಕೂತಿದ್ರು, ಗುಡುಗಿಗೆ ಕರೆಂಟು ಹೋಯ್ತು. ಬರುವಾಗ 1-1! ಕೊನೆಯ ಐದು ನಿಮಿಷದೊಳಗೆ ಬಾಗಾನ್‌ನ ಬೆಲ್ಲೊ ರಜಾಕ್ ತಲೆಯಿಂದ ಗೋಲು ಹೊಡೆದಾಗಿತ್ತು. ಅವರಿಗೆ 39, ನಮಗೆ 37, ಕಪ್ ಕೋಲ್ಕತ್ತಕ್ಕೆ. ಮಧ್ಯ ಸೀಸನ್‌ನಲ್ಲಿ ಇಂಜುರಿ ಟೈಮ್‌ನಲ್ಲಿ ಗೆದ್ದ ಯಾವ ಪಂದ್ಯ ಇದಕ್ಕೆ ಸಮ?

2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ 117ನೇ ನಿಮಿಷಕ್ಕೆ ರಾಹುಲ್ ಭೇಕೆ ಹೊಡೆದದ್ದು ನಮ್ಮ ಪಾಲಿಗೆ ಬಂತು, ಸರಿ. 2025ರಲ್ಲಿ ಗೋವಾ ವಿರುದ್ಧದ ಸೆಮಿಫೈನಲ್‌ನಲ್ಲಿ ನಮ್ಮ ಸುನಿಲ್ ಚೆಟ್ರಿ ಕೊನೆ ಗಳಿಗೆಯಲ್ಲಿ ಗೋಲು ಹೊಡೆದು ಉಳಿಸಿದ್ರು. ವಾರ ಕಳೆಯೋದರೊಳಗೆ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಎದುರಾಳಿ ತಂಡದ ಮೆಕ್ಲಾರೆನ್ ಗೋಲು ಹೊಡೆದು ಮುಗಿಸಿದ. ಮತ್ತೆ ಬಾಗಾನ್!

ಇನ್ನು ಕೊನೆಗೆ ಗೋಲು ಬಿಡೋದು ‘ಮನೋಬಲದ ಕೊರತೆ’ ಅಂತ ಲೇಖಕರು ಅಂದಿದ್ದಾರಲ್ಲ, ಅದು ನಂಗೆ ಒಪ್ಪಿಗೆಯಿಲ್ಲ. ಆಷಾಢದಲ್ಲಿ ಶಿವಮೊಗ್ಗದ ಮೈದಾನದಲ್ಲಿ ಡಿಫೆನ್ಸ್ ಆಡಿದವನು ನಾನು. ಎಂಬತ್ತು ನಿಮಿಷ ಆದಮೇಲೆ ಬೂಟಿಗೆ ಕೆಸರು ಅರ್ಧ ಕೆಜಿ ಅಂಟಿರುತ್ತೆ, ಕಾರ್ನರ್ ಬಂದಾಗ ಎದುರಿನವ ಹಾರ್ತಾನೆ, ನಾವು ನೋಡ್ತೀವಿ. ಹಾರಬೇಕು ಅಂತ ಮನಸ್ಸಿಗೆ ಗೊತ್ತು, ಕಾಲು ಕೇಳಬೇಕಲ್ಲ!