ಮೀನು ಉಳಿಸಿದ ಮೈಸೂರು

ಮೊನ್ನೆ ಮಂಡ್ಯದಿಂದ ಬಂದಿದ್ದ ಮಾವನನ್ನು ಮೈಸೂರಿನ ಒಂದು ಸುಶಿ ಹೋಟೆಲಿಗೆ ಕರೆದುಕೊಂಡು ಹೋದೆ. ಸುಶಿ ಅಂದರೆ ಅನ್ನದ ಜೊತೆ ಸಾಮಾನ್ಯವಾಗಿ ಹಸಿ ಮೀನು ಇಟ್ಟು ಕೊಡುವ ಜಪಾನಿನ ತಿಂಡಿ. ಕಪ್ಪು ತಟ್ಟೆಯಲ್ಲಿ ಆರು ಉಂಡೆ ಬಂದವು. ಒಳಗೆ ಪನೀರು, ಸೌತೆಕಾಯಿ. ಮೀನು ಇಲ್ಲವೇ ಇಲ್ಲ.

ನಗಬೇಡಿ. ಜಗತ್ತಿನ ಕೈಲಿ ಆಗದ್ದನ್ನು ಮೈಸೂರು ಸುಮ್ನೆ ಮಾಡಿ ಮುಗಿಸಿದೆ.

ಸುಶಿಗೆ ರಾಜ ಅಂದರೆ ಬ್ಲೂಫಿನ್ ಟ್ಯೂನಾ ಅನ್ನೋ ದೊಡ್ಡ ಸಮುದ್ರದ ಮೀನು. ಹಿಂದೆ ಜಪಾನಿನಲ್ಲೇ ಅದರ ಕೊಬ್ಬಿನ ತುಂಡಿಗೆ ‘ಬೆಕ್ಕು ಕೂಡ ದಾಟಿ ಹೋಗುವಂಥದ್ದು’ ಅಂತ ಅಡ್ಡಹೆಸರಿತ್ತು. ಕೆನಡಾದಲ್ಲಿ ಮೋಜಿಗೆ ಹಿಡಿದು, ಫೋಟೋ ತೆಗೆಸಿಕೊಂಡು, ಗುಂಡಿ ತೋಡಿ ಹೂಳುತ್ತಿದ್ದರು. ಕ್ಯಾಮೆರಾ ಗೀಮೆರಾ ಇಳಿಸಿದ ಜಪಾನಿನ ವಿಮಾನಗಳು ಖಾಲಿ ವಾಪಸ್ ಹೋಗಬಾರದಲ್ವಾ? 1972ರಲ್ಲಿ ಅದೇ ಮೀನನ್ನು ತುಂಬಿಕೊಂಡು ಹಾರಿದವು. ವಿಮಾನ ಹತ್ತಿದ ಮೇಲೆ ಕೇಳಬೇಕೆ! 2019ರ ಜನವರಿಯಲ್ಲಿ ಟೋಕಿಯೋ ಹರಾಜಿನಲ್ಲಿ 278 ಕಿಲೋದ ಒಂದೇ ಮೀನು 33 ಕೋಟಿ ಯೆನ್ ದಾಟಿತು. ನಮ್ಮ ಲೆಕ್ಕದಲ್ಲಿ 20 ಕೋಟಿ ರೂಪಾಯಿಗೂ ಜಾಸ್ತಿ. ಮಂಡ್ಯದ ಕಬ್ಬಿನವರು ಟನ್ನಿಗೆ ನೂರು ರೂಪಾಯಿ ಏರಿಸಿ ಅಂದರೆ ಮಾತ್ರ ರಸ್ತೆಯಲ್ಲಿ ಕೂರಬೇಕು.

ಮೀನು ಬರಿದಾಗುತ್ತಾ ಬಂತು. ಅಟ್ಲಾಂಟಿಕ್ ಬ್ಲೂಫಿನ್ ವ್ಯಾಪಾರ ನಿಲ್ಲಿಸೋಣವೇ ಅಂತ 2010ರಲ್ಲಿ ದೇಶಗಳೆಲ್ಲ ದೋಹಾದಲ್ಲಿ ಸೇರಿದವು. ಮತಕ್ಕೆ ಹಾಕುವ ಹಿಂದಿನ ರಾತ್ರಿ ಜಪಾನಿನ ರಾಯಭಾರ ಕಚೇರಿ ಔತಣ ಕೊಟ್ಟಿತು. ಬಡಿಸಿದ್ದು ಅದೇ ಬ್ಲೂಫಿನ್! ಮರುದಿನ ಪ್ರಸ್ತಾಪ ಬಿದ್ದುಹೋಯಿತು. ಉಂಡ ಮನೆಗೆ ಎರಡು ಬಗೆಯೋದು ಹೇಗೆ, ಪಾಪ. ಆಮೇಲೆ ಎಷ್ಟು ಹಿಡಿಯಬೇಕು ಅನ್ನೋದನ್ನು ಬಿಗಿ ಮಾಡಿದ ಮೇಲೆ ಅಟ್ಲಾಂಟಿಕ್ ಮೀನು ಚೇತರಿಸಿಕೊಂಡಿತು ಅನ್ನಿ. ದಕ್ಷಿಣ ಸಾಗರದ ಅದರ ದಾಯಾದಿಗೆ ಇನ್ನೂ ಗಂಡಾಂತರ ತಪ್ಪಿಲ್ಲ.

ಇಷ್ಟೆಲ್ಲ ಗೋಳು ಯಾಕೆ ಬೇಕಿತ್ತು? ದೋಹಾಕ್ಕೆ ಎರಡು ಕಿಲೋ ಪನೀರು ಕಳಿಸಿದ್ದರೆ ಸಾಕಿತ್ತು.

ಅಷ್ಟರಲ್ಲಿ ಮಾವ ತಟ್ಟೆಯ ಮೂಲೆಯ ಹಸಿರು ಮುದ್ದೆಯನ್ನು ಚಟ್ನಿ ಅಂದುಕೊಂಡು ಉಂಡೆಗೆ ಮೆತ್ತಿದರು. ಮುದ್ದೆ ನುಂಗಿದ ಅಭ್ಯಾಸ. ಅಗಿಯದೆ ಒಳಗೆ ಬಿಟ್ಟರು. ವಸಾಬಿ ಸೀದಾ ಮೂಗಿಗೆ ಹತ್ತಿತು. (ಜಾಸ್ತಿ ಹೋಟೆಲುಗಳಲ್ಲಿ ಅದೂ ವಸಾಬಿಯಲ್ಲ, ಬೇರೆ ಯಾವುದೋ ಬೇರಿಗೆ ಹಸಿರು ಬಣ್ಣ.) ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು.

“ಏನ್ ಅಳಿಮಯ್ಯ, ಸಾರಿಲ್ದೆ ತಂಗಳನ್ನ ಕೊಟ್ಟವ್ರೆ. ಸಾಲ್ದು ಅಂತ ಅಳಿಸ್ತಾವ್ರೆ!”

ಉಳಿದಿದ್ದನ್ನು ಪಾರ್ಸಲ್ ಕಟ್ಟಿಸಿ ಮಂಡ್ಯಕ್ಕೆ ಬಿಟ್ಟುಬರಲು ಹೋದೆ. ಅತ್ತೆ ಜಿಲೇಬಿ ಮೀನಿನ ಸಾರು ಕುದಿಯಲು ಇಟ್ಟಿದ್ದರು. ಪಾರ್ಸಲ್ ಬಿಚ್ಚಿ ಬೆಕ್ಕಿನ ಮುಂದಿಟ್ಟೆ. ಮೂಸಿತು. ದಾಟಿಕೊಂಡು ಹೋಗಿ ಒಲೆ ಹತ್ತಿರ ಕೂತಿತು.