ಬಚ್ಚಲಿಂದ ಹೊರಟ ವಾಷಿಂಗ್ ಮಷೀನು

ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರಿಗೂ ಒಂದು ಕಾಯಿಲೆ ಇತ್ತು. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳದ ಕಾಯಿಲೆ. ಅವರಿಗೆ ಗೊತ್ತಿರುತ್ತೆ ಅಂತ ನಾನು ಸುಮ್ನಿರುತ್ತಿದ್ದೆ. ಇವಳಿಗೆ ಗೊತ್ತಿರುತ್ತೆ ಅಂತ ಅವರೂ ಸುಮ್ನಿರುತ್ತಿದ್ದರು.

ಮನೆಗೆ ವಾಷಿಂಗ್ ಮಷೀನು ಬಂತು. ಮುಂದೆ ಗಾಜಿನ ಬಾಗಿಲಿರುವಂಥದ್ದು. ಜೋಡಿಸಿಕೊಡುವವರು ಎರಡು ದಿನ ಬಿಟ್ಟು ಬರ್ತೀವಿ ಅಂದರು. “ಎರಡು ಪೈಪು, ಒಂದು ಪ್ಲಗ್ಗು. ಇದಕ್ಕೂ ಜನ ಬೇಕೇನೇ?” ಅಂತ ನಮ್ಮವರು ತೋಳು ಮಡಚಿದರು. ಮಷೀನಿನ ಬೆನ್ನಲ್ಲಿ ನಾಲ್ಕು ದಪ್ಪ ಬೋಲ್ಟುಗಳಿದ್ದವು.

“ಇವು ಏನಕ್ರೀ?”

“ಗಟ್ಟಿಯಾಗಿರಲಿ ಅಂತ.”

ಅಂದದ್ದಷ್ಟೇ ಅಲ್ಲ, ಸ್ಪ್ಯಾನರ್ ಹಿಡಿದು ಒಂದೊಂದನ್ನೂ ಇನ್ನೊಂದು ಸುತ್ತು ಬಿಗಿ ಮಾಡಿದರು. ಟಾರ್ಚ್ ಹಿಡಿದು ನಿಂತವಳು ನಾನೇ.

ಬಟ್ಟೆ ತಿರುಗುವುದನ್ನು ಇಬ್ಬರೂ ಗಾಜಿನ ಮುಂದೆ ಕೂತು ಟೀವಿ ಥರ ನೋಡಿದೆವು. ಆಮೇಲೆ ಹಿಂಡುವ ಹೊತ್ತು ಬಂತು. ಮೊದಲು ಗುರ್ ಅಂತು. ಆಮೇಲೆ ದಡಬಡ. ನೋಡನೋಡುತ್ತಿದ್ದಂತೆ ಎಡಗಾಲು, ಬಲಗಾಲು ಹಾಕುತ್ತಾ ಬಾಗಿಲ ಕಡೆ ಹೊರಟೇಬಿಟ್ಟಿತು! ನಮ್ಮವರು ಓಡಿಹೋಗಿ ತಬ್ಬಿ ಹಿಡಿದರು. ಅದು ಅವರಿಗಿಂತ ತೂಕ. ಯಾರು ಯಾರನ್ನು ತಳ್ಳುತ್ತಿದ್ದಾರೆ ಅಂತಲೇ ತಿಳಿಯಲಿಲ್ಲ. “ಆ-ಆ-ಆಫ್ ಮಾ-ಮಾ-ಮಾಡೇ!” ಅಂತ ಅವರ ಮಾತೂ ಮಷೀನಿನ ಜೊತೆ ಕುಲುಕುತ್ತಿತ್ತು. ಅಷ್ಟರಲ್ಲಿ ಕೊಳೆನೀರಿನ ಪೈಪು ಕಳಚಿಕೊಂಡಿತು. ನಾನು ಸ್ವಿಚ್ಚು ಆರಿಸುವ ಹೊತ್ತಿಗೆ ಅವರಿಗೂ ಒಂದು ಒಗೆತ ಆಗಿತ್ತು.

ಆಮೇಲೆ ಪ್ಲಾಸ್ಟಿಕ್ ಕವರು ಹರಿದು ಕೈಪಿಡಿ ತೆಗೆದೆವು. ಒಳಗಿನ ಡ್ರಮ್ಮು ಸ್ಪ್ರಿಂಗಿನ ಮೇಲೆ ತೂಗಾಡುತ್ತಿರುತ್ತದಂತೆ. ಸಾಗಿಸುವಾಗ ಅದು ಬಡಿದಾಡದಿರಲಿ ಅಂತ ಹಾಕಿದ ಬೋಲ್ಟುಗಳಿವು. ಮಷೀನು ಹಾಕುವ ಮೊದಲು ತೆಗೆಯಲೇಬೇಕು. ಇಲ್ಲದಿದ್ದರೆ ಡ್ರಮ್ಮಿನ ಕುಣಿತ ಇಡೀ ಮಷೀನಿಗೇ ಬರುತ್ತದೆ. ನಾವಂತೂ ಬಿಗಿ ಬೇರೆ ಮಾಡಿದ್ದೆವು.

ಒಂದು ವಾರ ನಾನು ಇದನ್ನೇ ಆಡಿಕೊಂಡೆ. ಅಷ್ಟರಲ್ಲಿ ನನ್ನ ಸರದಿ ಬಂತು.

ಕಿಟಕಿಗೆ ಪರದೆ ಹೊಲಿಸಬೇಕಿತ್ತು. ಅಳತೆ ಟೇಪಿನ ತುದಿಯ ಕೊಕ್ಕೆ ಸಡಿಲವಾಗಿ ಅಲ್ಲಾಡುತ್ತಿತ್ತು. ಹೊಸದೇ ಹೀಗಾ ಅಂತ ಸುತ್ತಿಗೆ ತಗೊಂಡು ನಾಲ್ಕು ಏಟು ಹಾಕಿ ಕೂರಿಸಿದೆ. ಆ ಕೊಕ್ಕೆಯನ್ನು ಸಡಿಲವಾಗಿ ಬಿಟ್ಟಿರುವುದು ಬೇಕಂತಲೇ ಅಂತ ಆಮೇಲೆ ತಿಳಿಯಿತು. ಅದು ತನ್ನ ದಪ್ಪದಷ್ಟೇ ಹಿಂದೆ ಮುಂದೆ ಸರಿಯುತ್ತದೆ. ಹಾಗಾಗಿ ಕೊಕ್ಕೆಯನ್ನು ಅಂಚಿಗೆ ಸಿಕ್ಕಿಸಿ ಎಳೆದರೂ, ಗೋಡೆಗೆ ಒತ್ತಿ ಹಿಡಿದರೂ ಅಳತೆ ಒಂದೇ ಬರುತ್ತದೆ.

ಪರದೆ ಒಂದು ಗೇಣು ಗಿಡ್ಡವಾಯಿತು. ಟೇಪನ್ನೇ ಬೈದೆ. ನಿಜ ಹೇಳಬೇಕೆಂದರೆ ಕೊಕ್ಕೆಯಿಂದ ಆಗುವ ತಪ್ಪು ಹೆಚ್ಚೆಂದರೆ ಒಂದೆರಡು ಮಿಲಿಮೀಟರು. ಉಳಿದ ಗೇಣು ನನ್ನದೇ.

ನಮ್ಮವರು ಪರದೆಯನ್ನೊಮ್ಮೆ, ಕೆಳಗೆ ಇಣುಕುತ್ತಿದ್ದ ಬಿಸಿಲನ್ನೊಮ್ಮೆ ನೋಡಿದರು. “ಗಾಳಿ ಚೆನ್ನಾಗಿ ಬರುತ್ತೆ ಬಿಡು” ಅಂದರು. ಅಷ್ಟೇ.

ಬೋಲ್ಟುಗಳನ್ನು ಎಸೆಯಬೇಡಿ, ಮನೆ ಬದಲಿಸುವಾಗ ಬೇಕಾಗುತ್ತವೆ ಅಂತ ಕೈಪಿಡಿಯಲ್ಲಿತ್ತು. ನಾಲ್ಕನ್ನೂ ಒಂದು ಡಬ್ಬಿಗೆ ಹಾಕಿಟ್ಟಿದ್ದೆ. ಸಾಕ್ಷಿಗೂ ಆಗುತ್ತೆ ಅಲ್ವಾ? ಮೊನ್ನೆ ಡಬ್ಬಿ ತೆಗೆದರೆ ಬೋಲ್ಟುಗಳ ಪಕ್ಕದಲ್ಲಿ ಆ ಟೇಪೂ ಇತ್ತು. ನಾನಿಟ್ಟದ್ದಲ್ಲ.