ಕಣ್ಣು ಎಳೀಬೇಡ್ರಿ ತಾಯಿ

ಇವತ್ತಿಂದು ಬೈಗುಳದ ಬರಹ. ಮೊದಲೇ ಹೇಳಿಬಿಡುತ್ತೇನೆ. ಬೇಡ ಅನ್ನುವವರು ಈಗಲೇ ಕೆಳಗೆ ಸರಿಸಿ, ಕ್ರಿಕೆಟ್ ಸ್ಕೋರ್ ನೋಡಿಕೊಳ್ಳಿ.

ನಿನ್ನೆ ಬಳ್ಳಾರಿಯಲ್ಲೇ ಒಂದು ಮದುವೆ. ಹುಡುಗಿ ನನ್ನ ಹಳೇ ವಿದ್ಯಾರ್ಥಿನಿ. "ಮಿಸ್, ನೀವು ಬೆಳಿಗ್ಗೇನೇ ಬಂದು ನನ್ನ ಜೊತೆ ಇರ್ಬೇಕು" ಅಂದಿದ್ದಳು. ಹೋದೆ. ಮೇಕಪ್ ಮಾಡುವಾಕೆ ಚಕ್ರದ ಸೂಟ್‌ಕೇಸು, ರಿಂಗ್ ಲೈಟು, ಒಬ್ಬಳು ಅಸಿಸ್ಟೆಂಟು ಸಮೇತ ಬಂದಿದ್ದಳು. ಸುಳ್ಳು ಯಾಕೆ ಹೇಳಲಿ, ಮುಖದ ಕೆಲಸ ಚೆನ್ನಾಗಿಯೇ ಮಾಡಿದಳು. ಆಮೇಲೆ ರೆಪ್ಪೆಯ ಅಂಚಿಗೆ ಕಪ್ಪು ಗೆರೆ ಬರೆಯುವ ಲೈನರ್ ಪೆನ್ನು ತೆಗೆದಳು. ಎಡಗೈ ಹೆಬ್ಬೆರಳನ್ನು ಹುಡುಗಿಯ ಕಣ್ಣಿನ ತುದಿಗೆ ಒತ್ತಿ, ಚರ್ಮವನ್ನು ಕಿವಿಯ ಕಡೆ ಎಳೆದಳು ನೋಡಿ, ನನಗೆ ಕೂತಲ್ಲೇ ಮೈ ಉರಿಯಿತು.

"ಕಣ್ ಮುಚ್ಚಮ್ಮ, ಅಲ್ಲಾಡಬ್ಯಾಡ."

ಎಳೆದ ಚರ್ಮದ ಮೇಲೆ ಸರ್ರಂತ ಒಂದು ಗೆರೆ. ಬೆರಳು ಬಿಟ್ಟಳು. ಚರ್ಮ ತನ್ನ ಜಾಗಕ್ಕೆ ವಾಪಸ್ ಬಂತು, ಗೆರೆ ನಡುವೆ ಮುರಿಯಿತು, ತುದಿ ಕೆಳಕ್ಕೆ ಬಾಗಿತು. ಅದನ್ನು ಮುಚ್ಚೋಕೆ ಗೆರೆ ಇನ್ನಷ್ಟು ದಪ್ಪ. ಈ ಕಣ್ಣಿಗೆ ಸಮ ಆಗಲಿ ಅಂತ ಆ ಕಣ್ಣು ದಪ್ಪ. ಆ ಕಣ್ಣು ಜಾಸ್ತಿ ಆಯ್ತು ಅಂತ ಮತ್ತೆ ಈ ಕಣ್ಣು. ಕೊನೆಗೆ ಹುಡುಗಿ ಕಣ್ಣು ಬಿಟ್ಟಾಗ ರೆಪ್ಪೆಯೇ ಕಾಣಲಿಲ್ಲ, ಒಂದು ಕಪ್ಪು ಪಟ್ಟಿ ಮಾತ್ರ ಕಂಡಿತು. ಎಷ್ಟು ಚಂದದ ಕಣ್ಣು ಆ ಮಗುವಿಂದು!

ಅಷ್ಟಾದ ಮೇಲೆ ಮತ್ತೆ "ಕಣ್ ಮುಚ್ಚು". ಈ ಸಲ ಮೇಲಿಂದ ಮೊಬೈಲ್ ಹಿಡಿದು ವಿಡಿಯೋ. ಕಣ್ಣು ಮುಚ್ಚಿದಾಗ ಗೆರೆ ನಿಜಕ್ಕೂ ಅದ್ಭುತವಾಗಿತ್ತು. ಆಗ ನನಗೆ ಅರ್ಥ ಆಯ್ತು. ಗೆರೆ ಬರೆದದ್ದು ಹುಡುಗಿಗಲ್ಲ, ರೀಲ್‌ಗೆ. ಇಡೀ ದಿನ ಕಣ್ಣು ಮುಚ್ಚಿಕೊಂಡು ಮದುವೆಯಾದ ಹುಡುಗಿಯನ್ನು ನಾನಂತೂ ಇದುವರೆಗೆ ನೋಡಿಲ್ಲ. ನೀವು ನೋಡಿದ್ದರೆ ಹೇಳಿ.

"ಮಿಸ್, ನಿಮಗ್ಯಾಕೆ ಊರ ಉಸಾಬರಿ, ಡ್ರಾಯಿಂಗ್ ಕಲಿಸಿಕೊಂಡಿರಿ" ಅನ್ನುವವರು ನನ್ನ ಗೆಳೆಯರಲ್ಲೇ ಇದ್ದಾರೆ. ಡ್ರಾಯಿಂಗ್ ಕಲಿಸುತ್ತೇನೆ ಅಂತಲೇ ನನಗೆ ಉರಿಯುವುದು. ಮಕ್ಕಳಿಗೆ ಮೊದಲು ಕಲಿಸುವುದೇ ಇದು: ಕಾಗದ ಸುಕ್ಕಾಗದಂತೆ ಇಟ್ಟುಕೋ, ಮೊಣಕೈ ಮೇಜಿನ ಮೇಲಿಡು, ಆಮೇಲೆ ಗೆರೆ. ಕಾಗದ ಎಳೆದು ಹಿಡಿದು ಬರೆದು ಆಮೇಲೆ ಬಿಡು ಅಂತ ಯಾವ ಮೇಷ್ಟ್ರೂ ಹೇಳಿಕೊಡುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ನನ್ನ ರೆಪ್ಪೆ ಇಳಿಬಿದ್ದ ರೆಪ್ಪೆ. ಅಮ್ಮನ ಕಡೆಯಿಂದ ಬಂದದ್ದು. ಕಣ್ಣು ಬಿಟ್ಟರೆ ಮೇಲಿನ ಮಡಿಕೆ ಬಂದು ರೆಪ್ಪೆಯ ಮೇಲೆ ಕೂರುತ್ತದೆ. ಕಾಲೇಜಿನಲ್ಲಿ "ನಿದ್ದಿಗಣ್ಣಿ" ಅಂತಿದ್ದರು. ನಗುತ್ತಿದ್ದೆ, ಮನೆಗೆ ಬಂದು ಕನ್ನಡಿ ಮುಂದೆ ನಿಂತಿರುತ್ತಿದ್ದೆ. ಇವತ್ತಿಗೂ ಲಿಪ್‌ಸ್ಟಿಕ್ ಇಲ್ಲದೆ ಎಲ್ಲಿಗೆ ಬೇಕಾದರೂ ಹೋಗುತ್ತೇನೆ, ಲೈನರ್ ಇಲ್ಲದೆ ತರಕಾರಿ ಮಾರ್ಕೆಟ್ಟಿಗೂ ಹೋಗುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ನನಗೆ ಸಮಾಧಾನ ಹೇಳೋಕೆ ಬರಬೇಡಿ.

ಎಳೆದರೆ ಏನಾಗುತ್ತದೆ ಅಂತ ಸರಿಯಾಗಿ ಹೇಳುತ್ತೇನೆ. ಮೈಮೇಲಿನ ಚರ್ಮದಲ್ಲೆಲ್ಲ ರೆಪ್ಪೆಯದೇ ಅತಿ ತೆಳು. ಎಳೆದಾಗ ಮಡಿಕೆ ಮಾಯ ಆಗುತ್ತದೆ. ಮಡಿಕೆ ಇಲ್ಲದ ಜಾಗದಲ್ಲಿ ಗೆರೆ ನೆಟ್ಟಗೆ ಬರುತ್ತದೆ, ಬರೆದವರಿಗೆ ಖುಷಿ. ಬಿಟ್ಟ ತಕ್ಷಣ ಮಡಿಕೆ ವಾಪಸ್. ಆಗ ನೆಟ್ಟಗಿದ್ದ ಗೆರೆ ಮಡಿಕೆಯೊಳಗೆ ಹೋಗಿ ಮುರಿಯುತ್ತದೆ. ನನ್ನಂಥ ರೆಪ್ಪೆಯವರಿಗಂತೂ ರೆಕ್ಕೆಯ, ಅಂದರೆ ಕಣ್ಣಿನ ಹೊರತುದಿಯಿಂದ ಮೇಲಕ್ಕೆ ಚಾಚುವ ಗೆರೆಯ, ಅರ್ಧ ನಾಪತ್ತೆ. ಇದು ಕೈಯ ತಪ್ಪೂ ಅಲ್ಲ, ಲೈನರಿನ ತಪ್ಪೂ ಅಲ್ಲ. ಎಳೆದದ್ದೇ ತಪ್ಪು.

"ಎಳೀದಿದ್ರೆ ಕೈ ನಡುಗುತ್ತೆ ಮೇಡಂ" ಅಂತ ಅಸಿಸ್ಟೆಂಟ್ ಹುಡುಗಿ ನನಗೇ ಪಾಠ ಹೇಳಿದಳು. ಪಾಪ, ಅವಳಿಗೆ ಹಾಗೇ ಕಲಿಸಿದ್ದಾರೆ. ಕೈ ನಡುಗುವುದು ಮೊಣಕೈ ಗಾಳಿಯಲ್ಲಿ ನೇತಾಡುತ್ತಿದ್ದರೆ. ಮೊಣಕೈ ಮೇಜಿಗೆ ಊರಿ, ಕಿರುಬೆರಳನ್ನು ಕೆನ್ನೆಯ ಮೂಳೆಗೆ ಆನಿಸಿ. ಯಾಕೆ ನಡುಗುತ್ತದೆ ನೋಡೋಣ.

ಕನ್ನಡಿಯನ್ನು ಎದುರಿಗೆ ಹಿಡಿಯಬೇಡಿ, ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿ. ಗದ್ದ ಮೇಲೆತ್ತಿ ಕಣ್ಣಷ್ಟೇ ಕೆಳಗೆ ಹಾಯಿಸಿ. ರೆಪ್ಪೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ, ಯಾರೂ ಎಳೆಯಬೇಕಿಲ್ಲ. ಒಂದೇ ಉಸಿರಿಗೆ ಗೆರೆ ಎಳೆಯೋಕೆ ಹೋಗಬೇಡಿ. ರೆಪ್ಪೆಗೂದಲ ಬುಡದಲ್ಲಿ ಚುಕ್ಕೆ ಇಡುತ್ತಾ ಹೋಗಿ, ಆಮೇಲೆ ಸೇರಿಸಿ. ಹೊರತುದಿಯಿಂದ ಶುರು ಮಾಡಿ. ಬ್ರಷ್ಷಿನಲ್ಲಿ ಬಣ್ಣ ಜಾಸ್ತಿ ಇರುವುದು ಮೊದಲ ಮುಟ್ಟಿಗೆ, ಅದು ದಪ್ಪ ಬೇಕಾದ ಹೊರಗಡೆಯೇ ಬೀಳಲಿ. ಮೂಗಿನ ಕಡೆಗೆ ಬರುವಷ್ಟರಲ್ಲಿ ಉಳಿದದ್ದು ಕೂದಲೆಳೆಯಷ್ಟು, ಅಲ್ಲಿ ಅಷ್ಟೇ ಸಾಕು.

ರೆಕ್ಕೆ ಬೇಕಾ? ಕಣ್ಣು ಪೂರ್ತಿ ತೆರೆದು ನೇರ ನೋಡಿ. ಕೆಳರೆಪ್ಪೆಯ ಅಂಚು ಮುಂದುವರಿದು ಹುಬ್ಬಿನ ತುದಿಗೆ ಹೋದರೆ ಯಾವ ದಾರಿ ಹಿಡಿಯುತ್ತದೋ, ಆ ದಾರಿಯಲ್ಲಿ ಒಂದು ಚುಕ್ಕೆ. ಆ ಕಡೆ ಕಣ್ಣಿಗೂ ಒಂದು. ಎರಡನ್ನೂ ಒಟ್ಟಿಗೆ ನೋಡಿ, ಆಮೇಲೆ ಗೆರೆ. ನಮ್ಮ ಎರಡು ಕಣ್ಣು ಒಂದೇ ಥರ ಇರುವುದಿಲ್ಲ. ಒಂದು ಕಣ್ಣು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವುದೇ ಎಲ್ಲ ರಂಪಕ್ಕೆ ಮೂಲ. ಇಳಿಬಿದ್ದ ರೆಪ್ಪೆಯವರು ಕಣ್ಣು ತೆರೆದಿರುವಾಗಲೇ ಮಡಿಕೆಯ ಮೇಲಿಂದ ನೇರ ಗೆರೆ ಬರೆಯಿರಿ. ಕಣ್ಣು ಮುಚ್ಚಿದಾಗ ಅಲ್ಲೊಂದು ವಿಚಿತ್ರ ಕಚ್ಚು ಕಾಣುತ್ತದೆ, ಅದನ್ನು ತುಂಬಿ. ಮುಚ್ಚಿದಾಗ ಸೊಟ್ಟ, ತೆರೆದಾಗ ನೆಟ್ಟಗೆ. ರೀಲ್‌ಗೆ ಬರಲ್ಲ. ಬದುಕೋಕೆ ಸಾಕು.

ಕಣ್ಣು ಬರೆಯುವವರನ್ನು ನೋಡಬೇಕೆಂದರೆ ಕಿನ್ನಾಳಕ್ಕೆ ಹೋಗಿ. ಮರದ ಗೊಂಬೆ ಮಾಡುವವರ ಊರು, ಕೊಪ್ಪಳದ ಪಕ್ಕದಲ್ಲೇ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಒಬ್ಬ ಹಿರಿಯ ಚಿತ್ರಗಾರರು ಮರದ ಗೌರಿಗೆ ಕಣ್ಣು ಬರೆಯುತ್ತಿದ್ದರು. ಹುಣಸೆ ಬೀಜದ ಅಂಟಿನ ಲೇಪ ಒಣಗಿ, ಬಣ್ಣ ಹತ್ತಿ, ಮುಖ ಹಳದಿಯಾಗಿ ಹೊಳೆಯುತ್ತಿತ್ತು. ಬ್ರಷ್ಷಿನ ತುದಿಯಲ್ಲಿ ನಾಲ್ಕಾರು ಕೂದಲು ಇದ್ದಿರಬೇಕು ಅಷ್ಟೆ. ಬಣ್ಣಕ್ಕೆ ಅದ್ದಿ, ಬಟ್ಟಲಿನ ಅಂಚಿಗೆ ತಿರುವಿ ತಿರುವಿ ಒರೆಸಿದರು. ಎಡಗೈಯಲ್ಲಿ ಗೊಂಬೆಯನ್ನು ತಮ್ಮ ಮುಖಕ್ಕೆ ಎದುರಾಗಿ ಎತ್ತಿ ಹಿಡಿದರು. ಬಲಗೈ ಮುಂಗೈ ಮೊಣಕಾಲಿಗೆ ಆನಿಸಿತ್ತು. ಮೇಲಿನ ರೆಪ್ಪೆ ಒಂದು ಗೆರೆ, ಗೊಂಬೆಯನ್ನು ದೂರ ಹಿಡಿದು ನೋಡಿದರು. ಆ ಕಣ್ಣಿಗೆ ಒಂದು ಗೆರೆ, ಮತ್ತೆ ದೂರ. ನಮ್ಮ ಹುಡುಗನೊಬ್ಬ, "ತಾತ, ಮಲಗ್ಸಿ ಬರೆದ್ರೆ ಈಜಿ ಅಲ್ವಾ?" ಅಂದ. ಅವರು ತಲೆ ಎತ್ತದೆ ಹೇಳಿದರು, "ಮಲಗ್ಸಿ ಬರದ್ರ ಅದು ಮಾಳಗಿ ನೋಡ್ತೈತಿ. ನಿನ್ನ ನೋಡ್ಬೇಕಲ್ಲೋ ತಮ್ಮಾ."

ಮರದ ಗೊಂಬೆಗೆ ಇರುವ ಮರ್ಯಾದೆ ಮದುವೆ ಹೆಣ್ಣಿಗೆ ಇಲ್ಲ ನೋಡಿ.

ಇನ್ನು ಲೈನರ್ ಯಾವುದು ಅಂತ. ಕೇಳುವವರೆಲ್ಲ ಕಂಪನಿ ಹೆಸರು ಕೇಳುತ್ತಾರೆ. ನಾನು ಕೇಳುವುದು, ಯಾವ ಊರು ಅಂತ. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ. ಬಾಂಬೆಯ ಎಸಿ ರೂಮಿನಲ್ಲಿ ಕೂತವಳು "ಹನ್ನೆರಡು ಗಂಟೆ ಅಳಿಸಲ್ಲ" ಅಂದರೆ ಅದು ಅವಳಿಗೆ. ಇಲ್ಲಿ ಏಪ್ರಿಲ್ ಮಧ್ಯಾಹ್ನ ಕೌಲ್ ಬಜಾರಿಗೆ ಹೋಗಿ ಬಂದು ಹೇಳಲಿ.

ವಾಟರ್‌ಪ್ರೂಫ್ ಅಂತ ಬರೆದಿದ್ದರೆ ಅದು ನೀರಿಗೆ ಮಾತ್ರ. ಕಣ್ಣೀರು, ಬೆವರು ಸರಿ. ಆದರೆ ಲೈನರ್ ಅಳಿಸುವುದು ನೀರಿಗಿಂತ ಎಣ್ಣೆಗೆ ಜಾಸ್ತಿ. ರೆಪ್ಪೆಯ ಚರ್ಮದಲ್ಲೇ ಎಣ್ಣೆ ಇದೆ, ಮೇಲೆ ನಾವು ಕ್ರೀಮು, ಸನ್‌ಸ್ಕ್ರೀನು ಬಳಿದಿರುತ್ತೇವೆ. ಪೆನ್ಸಿಲ್ ಮತ್ತು ಕಾಜಲ್‌ನಲ್ಲಿರುವ ಮೇಣ ಎಣ್ಣೆ ಸಿಕ್ಕರೆ ಕರಗಿ ಇಳಿಯುತ್ತದೆ. ಅದಕ್ಕೆ ಮೊದಲು ಟಿಶ್ಯೂ ಒತ್ತಿ ರೆಪ್ಪೆಯ ಎಣ್ಣೆ ತೆಗೆಯಿರಿ, ಒಂಚೂರು ಪೌಡರ್ ತಟ್ಟಿ, ಆಮೇಲೆ ಗೆರೆ. ಪೆನ್ ಲೈನರ್ ಇದ್ದರೆ ಪೌಡರ್ ತೀರಾ ಕಡಿಮೆ, ಇಲ್ಲದಿದ್ದರೆ ತುದಿ ಕಟ್ಟಿಕೊಂಡು ಬರೆಯುವುದೇ ನಿಲ್ಲುತ್ತದೆ. ಅದನ್ನು ಡಬ್ಬಿಯಲ್ಲಿ ತುದಿ ಕೆಳಗೆ ಮಾಡಿ ಇಡಿ.

ಕಲಿಯುವವರು ಪೆನ್ಸಿಲಿನಿಂದ ಶುರು ಮಾಡಿ. ತಪ್ಪಿದರೆ ಬಡ್ಸ್‌ನಿಂದ ಒರೆಸಬಹುದು. ನಮ್ಮ ಬಿಸಿಲಿಗೆ ಪೆನ್ಸಿಲ್ ಮೆತ್ತಗಾಗಿ ಶಾರ್ಪನರ್‌ನಲ್ಲೇ ಮುರಿಯುತ್ತದೆ. ಕೊರೆಯುವ ಮೊದಲು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. (ನಮ್ಮ ಮನೆಯಲ್ಲಿ ಕೊತ್ತಂಬರಿ ಪಕ್ಕ ಕಾಜಲ್ ನೋಡಿ ಅತ್ತೆ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಹೆದರಿಕೆ.) ಆಮೇಲೆ ಡಬ್ಬಿಯ ಜೆಲ್, ಓರೆಯಾಗಿ ಕತ್ತರಿಸಿದ ಚಪ್ಪಟೆ ಬ್ರಷ್ಷಿನಲ್ಲಿ. ನನ್ನ ಓಟು ಇದಕ್ಕೆ. ಬ್ರಷ್ಷು ಸಿಂಥೆಟಿಕ್ ಕೂದಲಿನದೇ ಇರಲಿ, ಗಟ್ಟಿಯಾಗಿ ನಿಲ್ಲುತ್ತದೆ, ಸೋಪಿನಲ್ಲಿ ತೊಳೆಯಬಹುದು. ಡಬ್ಬಿಯ ಮುಚ್ಚಳ ಬಿಟ್ಟು ಮಾತಾಡುತ್ತಾ ನಿಂತರೆ ಜೆಲ್ ಒಣಗಿ ಬಿರುಕು ಬಿಡುತ್ತದೆ. ಚಿಕ್ಕ ಶೀಶೆಯ ಲಿಕ್ವಿಡ್, ನಮ್ಮ ಅಮ್ಮಂದಿರ ಕಾಲದ ಲ್ಯಾಕ್ಮೆ ಥರದ್ದು, ಕೊನೆಗೆ ಕೈ ಹಾಕಿ. ಕಪ್ಪಂದರೆ ಕಪ್ಪು, ಆದರೆ ಕ್ಷಮಿಸುವ ಸ್ವಭಾವದ್ದಲ್ಲ. ಒಣಗುವ ತನಕ ಕಣ್ಣು ಕೆಳಗೇ ಇರಲಿ. ತಕ್ಷಣ ಮೇಲೆ ನೋಡಿದಿರೋ, ಮಡಿಕೆಯಲ್ಲಿ ಇನ್ನೊಂದು ಗೆರೆ ಪುಕ್ಕಟೆ.

ಅಂಟು ಟೇಪು ಹಚ್ಚಿ ರೆಕ್ಕೆ ಬರೆಯುವ ಉಪಾಯ, ಚಮಚ ಇಟ್ಟು ಬರೆಯುವ ಉಪಾಯ, ಎಟಿಎಂ ಕಾರ್ಡಿನ ಉಪಾಯ. ನೋಡಿದ್ದೇನೆ. ಚಮಚ ಉಪ್ಪಿಟ್ಟಿಗೆ ಇಟ್ಟುಕೊಳ್ಳಿ. ಟೇಪು ಕಿತ್ತರೆ ಅದೂ ಆ ತೆಳು ಚರ್ಮವನ್ನು ಎಳೆಯುವುದೇ. ಗೆರೆ ಸೊಟ್ಟಗಾದರೆ ಬಡ್ಸ್ ತುದಿಗೆ ಒಂಚೂರು ಲೋಷನ್ ಹಚ್ಚಿ ಕೆಳಗಿಂದ ಒರೆಸಿ, ಅಂಚು ಚೂಪಾಗುತ್ತದೆ.

ಎಳೆಯುವುದು ಮೇಲಿನ ರೆಪ್ಪೆಗೇ ಮುಗಿಯಲಿಲ್ಲ. ನಿನ್ನೆ ಆಕೆ ಕೆಳರೆಪ್ಪೆಯನ್ನೂ ಜಗ್ಗಿ, ಒಳಗಿನ ಗುಲಾಬಿ ಅಂಚಿನ ತುಂಬ ಕಾಜಲ್ ತಿದ್ದಿದಳು. ಹುಡುಗಿಯ ಕಣ್ಣಲ್ಲಿ ದಳದಳ ನೀರು. "ಸ್ವಲ್ಪ ಹೊತ್ತಿಗೆ ಸರಿ ಹೋಗುತ್ತೆ" ಅಂತ ಸಮಾಧಾನ ಬೇರೆ. ಆ ಅಂಚಿನಲ್ಲಿ ಸಾಲಾಗಿ ಎಣ್ಣೆಯ ಗ್ರಂಥಿಗಳಿವೆ. ಕಣ್ಣೀರು ಬೇಗ ಆರದಂತೆ ನೋಡಿಕೊಳ್ಳುವ ಎಣ್ಣೆ ಅಲ್ಲಿಂದಲೇ ಬರಬೇಕು, ನಾವು ಅಲ್ಲೇ ಮೇಣ ಮೆತ್ತುತ್ತೇವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಪೆನ್ಸಿಲ್ ಲೈನರನ್ನು ರೆಪ್ಪೆಗೂದಲಿನ ಒಳಗಡೆ ಹಚ್ಚಿದರೆ, ಹೊರಗೆ ಹಚ್ಚಿದ್ದಕ್ಕಿಂತ ಶೇ 15ರಿಂದ 30ರಷ್ಟು ಹೆಚ್ಚು ಕಣಗಳು ಕಣ್ಣೀರಿನ ಪದರಕ್ಕೆ ಸೇರಿದ್ದವು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಂತೂ ಈ ಅಭ್ಯಾಸ ಬಿಟ್ಟುಬಿಡಿ.

"ನಮ್ಮಜ್ಜಿ ಹರಳೆಣ್ಣೆ ದೀಪದ ಕಾಡಿಗೆ ಕಣ್ಣೊಳಗೇ ತೀಡ್ತಿದ್ರು, ಏನೂ ಆಗ್ಲಿಲ್ಲ" ಅಂತ ಈಗ ಯಾರೋ ಶುರು ಮಾಡುತ್ತೀರಿ, ಗೊತ್ತು. ನಮ್ಮಜ್ಜಿಯೂ ತೀಡುತ್ತಿದ್ದರು. ನಿಮ್ಮಜ್ಜಿ ತಮ್ಮ ಕಾಡಿಗೆ ತಮ್ಮ ಕಣ್ಣಿಗೆ ಹಚ್ಚಿಕೊಂಡರು. ನಿನ್ನೆ ಅದೇ ಪೆನ್ನು ಮೊದಲು ಮದುಮಗಳಿಗೆ, ಆಮೇಲೆ ಅವಳ ತಂಗಿಗೆ, ಆಮೇಲೆ ಚಿಕ್ಕಮ್ಮನಿಗೆ, ಆಮೇಲೆ ಬೀಗರ ಕಡೆಯ ಇಬ್ಬರಿಗೆ ಹೋಯಿತು. ನನ್ನ ಹತ್ತಿರವೂ ಬಂತು, "ಮೇಡಂ, ನಿಮಗೂ ಒಂದ್ ಸ್ವಲ್ಪ?" ಅಂತ. ಒಬ್ಬರಿಗೆ ಮದ್ರಾಸ್ ಐ ಇದ್ದಿದ್ದರೆ ಊಟದ ಜೊತೆ ಅದನ್ನೂ ಎಲ್ಲರಿಗೂ ಬಡಿಸಿದಂತೆ. ಪೆನ್ಸಿಲ್ ಆದರೆ ಕೊರೆದು ಹೊಸ ತುದಿ ತೆಗೆಯಬಹುದು. ಜೆಲ್ ಆದರೆ ಶುದ್ಧ ಚಮಚದಲ್ಲಿ ಒಂಚೂರು ಸ್ಟೀಲ್ ತಟ್ಟೆಗೆ ತೆಗೆದು, ಒಬ್ಬೊಬ್ಬರಿಗೆ ಬೇರೆ ಬೇರೆ ಬ್ರಷ್ ಬಳಸಬಹುದು. ಪೆನ್ನಿಗೆ ಆ ದಾರಿ ಇಲ್ಲ. ಮದುವೆ ಗೊತ್ತಾದವರು ಕೇಳಿ: ನಿಮ್ಮ ಲೈನರ್ ನೀವೇ ಕೊಂಡುಕೊಂಡು ಹೋಗಿ. ಸೀರೆಗೆ ಕೊಟ್ಟದ್ದರ ಮುಂದೆ ಅದು ಯಾವ ಲೆಕ್ಕ! ಲೈನರಿನ ಮೇಲೆ, ಮುಚ್ಚಳ ತೆಗೆದ ಡಬ್ಬಿಯ ಚಿಕ್ಕ ಚಿತ್ರದೊಳಗೆ 6ಎಂ (6M) ಅಂತ ಇದ್ದರೆ, ತೆರೆದ ಮೇಲೆ 6 ತಿಂಗಳಿಗೆ ಎಸೆಯಬೇಕು ಅಂತ. ಮುಂದಿನ ಯುಗಾದಿಗೂ ಬರುತ್ತೆ ಅಂತ ಎತ್ತಿಡಬೇಡಿ.

ತೆಗೆಯುವಾಗಲೂ ಇದೇ ಗೋಳು. ಮದುವೆ ಮುಗಿಸಿ ಸುಸ್ತಾಗಿ ಬಂದು, ಟವೆಲ್ ಹಿಡಿದು ಗಸಗಸ ತಿಕ್ಕುತ್ತಾರೆ. ಕೊಬ್ಬರಿ ಎಣ್ಣೆ ಹತ್ತಿಗೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಹಾಗೇ ಒತ್ತಿ ಹಿಡಿದುಕೊಳ್ಳಿ. ಎಣ್ಣೆ ಲೈನರಿನ ಶತ್ರು ಅಂತ ಮೇಲೆ ಹೇಳಿದೆನಲ್ಲ, ಈಗ ಅದು ಕೆಲಸಕ್ಕೆ ಬಂತು. ಕರಗಿದ ಮೇಲೆ ಕೆಳಮುಖವಾಗಿ ಒಂದು ಸಲ ಒರೆಸಿ, ಮುಖ ತೊಳೆಯಿರಿ. ಕಣ್ಣು ಮುಚ್ಚಿಕೊಂಡು ಮಾಡಬೇಕಾದ ಕೆಲಸ ಇದೊಂದೇ.

"ದೇಶದಲ್ಲಿ ಎಷ್ಟೊಂದು ಸಮಸ್ಯೆ ಇದೆ, ನಿಮಗೆ ಐಲೈನರ್ ಚಿಂತೆ" ಅಂತ ಬರೆಯೋಕೆ ಕೂತಿರುವ ಅಣ್ಣಂದಿರೇ, ನೀವು ಮೊನ್ನೆ ಮಂಡಕ್ಕಿ ಒಗ್ಗರಣೆಗೆ ಪುಟಾಣಿ ಪುಡಿ ಜಾಸ್ತಿ ಆಯ್ತು ಅಂತ ಎಷ್ಟುದ್ದ ಬರೆದಿದ್ದಿರಿ, ನಾನು ಓದಿ ಲೈಕ್ ಕೂಡ ಒತ್ತಿದ್ದೇನೆ. ಸುಮ್ನೆ ಇರಿ.

ಒಂದು ಸಹಾಯ ಬೇಕು. ಒಳ್ಳೆ ಓರೆ ಬ್ರಷ್ಷು ನಮ್ಮೂರಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ, ಗೊತ್ತಿದ್ದವರು ಹೇಳಿ. ಮೊನ್ನೆ ತಂದದ್ದರ ಕೂದಲು ಆಗಲೇ ಜೆಲ್ ಡಬ್ಬಿಯಲ್ಲಿ ಉದುರಿ ಕೂತಿದೆ. ಆನ್‌ಲೈನ್‌ನಲ್ಲಿ ತರಿಸಿ ಅನ್ನಬೇಡಿ. ಬ್ರಷ್ಷಿನ ತುದಿಯನ್ನು ಮುಂಗೈ ಮೇಲೆ ಒತ್ತಿ, ಬಾಗಿ ವಾಪಸ್ ನಿಲ್ಲುತ್ತದಾ ಅಂತ ನೋಡದೆ ನಾನು ಕೊಳ್ಳುವವಳಲ್ಲ.